ಹೊಂಗೆಕೆರೆ ಲಾಕಪ್ಪಿನ ಹೊಸ್ತಿಲು

ಹೊಂಗೆಕೆರೆ ತಾಲ್ಲೂಕು ಕಚೇರಿಯ ಆವರಣದಲ್ಲಿ, ಹುಣಸೆಮರದ ಪಕ್ಕಕ್ಕೆ, ಕಟ್ಟೆಯ ಮೇಲೆ ತಗಡಿನ ಚಾವಣಿಯ ಒಂದು ಸಣ್ಣ ಕೋಣೆ ಇದೆ. ಬೋರ್ಡಿನ ಮೇಲೆ ‘ಸಾರ್ವಜನಿಕ ಬಂಧನ ಮಾಹಿತಿ ಕೇಂದ್ರ’ ಅಂತ ಬರೆದಿದ್ದಾರೆ. ಅಷ್ಟುದ್ದ ಹೇಳೋಕೆ ಯಾರಿಗೆ ಪುರುಸೊತ್ತು? ಜನ ‘ಜಯಶೀಲಮ್ಮನ ಕಟ್ಟೆ’ ಅಂತಾರೆ. ಆ ಜಯಶೀಲಮ್ಮ ನಾನೇ. ಹಾಗೆ ಅನ್ನಿಸಿಕೊಳ್ಳೋದು ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ.

ಈ ಕಟ್ಟೆಗೆ ಬರೋ ಮುಂಚೆ ಇದೇ ಊರಿನ ಸಬ್‌ಜೈಲಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದೆ. ಒಳಗೆ ಬಂದವರ ಹೆಸರು, ತಂದೆಯ ಹೆಸರು, ವಯಸ್ಸು, ಮೈಮೇಲಿನ ಮಚ್ಚೆ ಎಲ್ಲಾ ದಪ್ಪ ರಿಜಿಸ್ಟರಿನಲ್ಲಿ ಕೈಯಾರೆ ಬರೆದವಳು. ಆ ಕಾಲದಲ್ಲಿ ಒಬ್ಬರನ್ನ ಪೊಲೀಸರು ಕರೆದುಕೊಂಡು ಹೋದರೆ ಮನೆಯವರ ಪಾಡು ದೇವರಿಗೇ ಪ್ರೀತಿ. ಈ ಸ್ಟೇಷನ್ನಿನಲ್ಲಿ ಕೇಳಿದರೆ ಆ ಸ್ಟೇಷನ್ನಿಗೆ ಹೋಗಿ ಅನ್ನೋರು. ಅಲ್ಲಿ ಕೇಳಿದರೆ ವಕೀಲರನ್ನ ಕರ್ಕೊಂಡು ಬನ್ನಿ ಅನ್ನೋರು. ಬುತ್ತಿ ಕಟ್ಟಿಕೊಂಡು ಬಂದ ಹೆಂಗಸರು ಮೂರು ದಿನ ಅಲೆದು, ಅನ್ನ ಹಳಸಿದ ಮೇಲೆ ನನ್ನ ಜೈಲಿನ ಬಾಗಿಲಿಗೆ ಬರೋರು. ಆ ಮುಖಗಳನ್ನ ನಾನು ಮರೆತಿಲ್ಲ.

ಆಮೇಲೆ ಹೆಜ್ಜೆ ಕಾಯ್ದೆ ಬಂತು, ಅದರ ಜೊತೆ ಪಟ್ಟಿ ಬಂತು. ಎರಡು ಬೆರಳಗಲದ ಕಪ್ಪು ಪಟ್ಟಿ. ಅದರೊಳಗೆ ಸಾಸಿವೆಗಿಂತ ಸಣ್ಣ ಹರಳುಗಳು. ಕಾಲು ಬಿದ್ದರೆ ಹರಳು ಒತ್ತಿಕೊಂಡು ಒಂದು ಸಣ್ಣ ವಿದ್ಯುತ್ ಮಿಡಿತ ಹೊರಡುತ್ತೆ. ತೂಕ ಎಷ್ಟು, ಹಿಮ್ಮಡಿ ಮೊದಲು ಊರಿದ್ದಾ ಬೆರಳು ಮೊದಲು ಊರಿದ್ದಾ, ಯಾವ ಕಾಲು ಎಳೆಯುತ್ತೆ, ಎಲ್ಲಾ ಆ ಮಿಡಿತದಲ್ಲಿ ಸಿಗುತ್ತೆ. ಒಬ್ಬರ ಹೆಜ್ಜೆ ಇನ್ನೊಬ್ಬರ ಹಾಗೆ ಇರಲ್ಲವಂತೆ. ರಾಜ್ಯದ ಒಂದೊಂದು ಲಾಕಪ್ಪಿನ ಬಾಗಿಲಿಗೂ ಇದನ್ನ ಹಾಕಿದರು, ಚಿಲಕ ಬಿದ್ದದ್ದನ್ನ ತಿಳಿಸೋಕೆ ಅದಕ್ಕೂ ಒಂದು ಗುಂಡಿ ಕೂರಿಸಿದರು. ಹೆಜ್ಜೆ ಒಳಗೆ ಹೋಗಿ, ಹೊರಗಿನಿಂದ ಚಿಲಕ ಬಿತ್ತು ಅಂದರೆ ಮುಗೀತು. ನಾಲ್ಕು ನಿಮಿಷದಲ್ಲಿ ‘ಒಬ್ಬ ವ್ಯಕ್ತಿ ಒಳಗಿದ್ದಾರೆ’ ಅಂತ ದಾಖಲೆ ತಾನೇ ತೆರೆದುಕೊಳ್ಳುತ್ತೆ. ಹೆಸರು, ಕೇಸು, ಯಾವ ಸೆಕ್ಷನ್ನು, ಯಾವಾಗ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತಾರೆ ಅನ್ನೋದನ್ನ ಅಧಿಕಾರಿ ಅರ್ಧ ಗಂಟೆಯೊಳಗೆ ತುಂಬಬೇಕು. ತುಂಬದೆ ಇದ್ದರೆ ಸ್ಟೇಷನ್ ಮುಂದಿನ ಬೋರ್ಡು ಕೆಂಪಗೆ ಮಿಣುಕುತ್ತೆ. ತೆರೆದ ದಾಖಲೆಯನ್ನ ಅಳಿಸೋಕೆ ಮಂತ್ರಿಗೂ ಆಗಲ್ಲ.

ಯಾರು ಬೇಕಾದರೂ ಕೇಳಬಹುದು. ನನ್ನ ಕಟ್ಟೆಗೆ ಬಂದು ಕೇಳಬಹುದು, ಫೋನಿನಲ್ಲಿ ನೋಡಬಹುದು, ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಓದಬಹುದು. ನೀನು ಅವರಿಗೇನಾಗಬೇಕು, ಯಾಕೆ ಕೇಳ್ತಿದ್ದೀಯ ಅಂತ ನಾವು ಕೇಳೋ ಹಾಗಿಲ್ಲ. ಮಕ್ಕಳ ಹೆಸರು ತೋರಿಸಲ್ಲ, ದೂರು ಕೊಟ್ಟ ಹೆಂಗಸಿನ ಹೆಸರು ತೋರಿಸಲ್ಲ. ಕೇಸು ಬಿದ್ದುಹೋದರೆ ಮೂವತ್ತು ದಿನಕ್ಕೆ ಹೆಸರಿನ ಮೇಲೆ ಪರದೆ ಬೀಳುತ್ತೆ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನ ನನ್ನ ಸರ್ವಿಸಿನಲ್ಲೇ ನೋಡಿರಲಿಲ್ಲ ನಾನು. ಬಂದವರಿಗೆಲ್ಲಾ ಒಂದೇ ಮಾತು ಹೇಳ್ತಿದ್ದೆ, “ಮನುಷ್ಯರು ಸುಳ್ಳು ಹೇಳ್ತಾರೆ ಕಣಮ್ಮ, ಯಂತ್ರ ಸುಳ್ಳು ಹೇಳಲ್ಲ.”

ಇನ್ನೊಂದು ವಿಷಯ. ನಮ್ಮ ತಾಲ್ಲೂಕಿಗೆ ಸತತ ಎರಡು ವರ್ಷ ಜಿಲ್ಲೆಯ ಫಲಕ ಬಂದಿತ್ತು, ‘ಅತಿ ಕಡಿಮೆ ಬಂಧನಗಳ ಶಾಂತಿಯುತ ತಾಲ್ಲೂಕು’ ಅಂತ. ಹಿತ್ತಾಳೆಯ ಫಲಕ. ಅದನ್ನ ನನ್ನ ಕುರ್ಚಿಯ ಹಿಂದಿನ ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿದ್ದೆ. ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ನೇತ್ರಾವತಿ ಬಂದಳು. ಪೇಟೆಬೀದಿಯ ಅಂಗನವಾಡಿ ಟೀಚರು, ಟೈಲರ್ ಕರಿಬಸವಯ್ಯನವರ ಮಗಳು. ಒಂದು ಕೈಯಲ್ಲಿ ತಿಂಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಐಸ್ ಹಾಕುವ ಸಣ್ಣ ಫ್ಲಾಸ್ಕು. ಓಡಿಕೊಂಡು ಬಂದಿದ್ದಳು, ಏದುಸಿರು.

“ಜಯಶೀಲಕ್ಕ, ಅಪ್ಪನ್ನ ಪೊಲೀಸ್ನೋರು ಕರ್ಕೊಂಡು ಹೋದ್ರಂತೆ.”

“ಯಾವಾಗಮ್ಮ?”

“ಬೆಳಿಗ್ಗೆ ಎಂಟಕ್ಕೆ. ಅಂಗಡಿ ಬೀಗ ತೆಗೀತಿದ್ದ ಹಾಗೇ. ಎದುರುಗಡೆ ಹೂ ಮಾರೋ ಗೌರಕ್ಕ ನೋಡಿದ್ಲು, ನನಗೆ ಈಗಷ್ಟೇ ಸಿಕ್ಕಿ ಹೇಳಿದ್ಲು. ನಿನ್ನೆ ಚರಂಡಿ ಕಂಟ್ರಾಕ್ಟ್ರ ಜೊತೆ ಜಗಳ ಆಗಿತ್ತು ಅಕ್ಕ. ಅಂಗಡಿ ಮುಂದಿನ ಚಪ್ಪಡಿ ಕೀಳೋಕೆ ಬಂದ್ರು, ಅಪ್ಪ ಅದರ ಮೇಲೆ ಕೂತ್ಬಿಟ್ರು, ಏಳಲ್ಲ ಅಂದ್ರು. ಅಷ್ಟೇ ಅವರು ಮಾಡಿದ್ದು.”

“ಹೂಂ. ಆ ಫ್ಲಾಸ್ಕಿನಲ್ಲಿ ಏನದು?”

“ಇನ್ಸುಲಿನ್. ದಿನಾ ಎಂಟೂವರೆಗೆ ನಾನು ಅಂಗಡಿಗೆ ತಗೊಂಡು ಹೋಗ್ತೀನಿ, ಚುಚ್ಚಿಕೊಂಡು ಆಮೇಲೆ ತಿಂಡಿ ತಿಂತಾರೆ. ಇವತ್ತು ಹೋದ್ರೆ ಅಂಗಡೀಲಿ ಇರಲಿಲ್ಲ, ಅಲ್ಲಿ ಇಲ್ಲಿ ಹುಡುಕಿದೆ. ಹೋದ ವರ್ಷ ಒಂದೇ ಒಂದು ದಿನ ತಪ್ಪಿತು ಅಕ್ಕ, ಸಂಜೆ ಹೊತ್ತಿಗೆ ಪ್ರಜ್ಞೆ ಇರಲಿಲ್ಲ. ಇನ್ನೆರಡು ಗಂಟೆ ತಡ ಮಾಡಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟ್ರು.” ಅವಳು ನನ್ನ ಪರದೆಯ ಕಡೆ ಬಗ್ಗಿದಳು. “ಎಲ್ಲಿದಾರೆ ಅಂತ ಗೊತ್ತಾದ್ರೆ ಸಾಕು ನನಗೆ.”

ನಾನು ಪರದೆ ನೋಡಿದೆ. ಹೊಂಗೆಕೆರೆ ಸ್ಟೇಷನ್, ಲಾಕಪ್ ಖಾಲಿ. ಅಕ್ಕಪಕ್ಕದ ನಾಲ್ಕು ಸ್ಟೇಷನ್ ನೋಡಿದೆ. ಇಬ್ಬರು ಕುಡುಕರು, ಒಬ್ಬ ಬೈಕ್ ಕಳ್ಳ. ಸಬ್‌ಜೈಲಿನಲ್ಲಿರೋರ ಹೆಸರು ನೋಡಿದೆ. ಅರವತ್ತಾರು ವರ್ಷದ ಕರಿಬಸವಯ್ಯ ಎಲ್ಲೂ ಇಲ್ಲ.

“ನಿಮ್ಮಪ್ಪನ್ನ ಅರೆಸ್ಟ್ ಮಾಡಿಲ್ಲ ಕಣಮ್ಮ, ಸಮಾಧಾನ ಮಾಡ್ಕೊ. ವಿಚಾರಿಸಿ ಬಿಟ್ಟು ಕಳಿಸಿರ್ತಾರೆ. ಎಲ್ಲೋ ದಾರೀಲಿ ಇರ್ತಾರೆ ನೋಡು.”

“ಗೌರಕ್ಕ ನೋಡಿದ್ಲಲ್ಲ ಅಕ್ಕ.”

“ಕರ್ಕೊಂಡು ಹೋಗಿದ್ದನ್ನ ನೋಡಿದ್ಲು. ಒಳಗೆ ಹಾಕಿದ್ದನ್ನ ಅವಳು ನೋಡಿದ್ಲಾ? ಯಂತ್ರ ನೋಡಿರುತ್ತೆ. ಅದು ಇಲ್ಲ ಅಂತಿದೆ.”

ಅವಳು ಹೋದಳು. ಅರ್ಧ ಗಂಟೆಗೆ ಫೋನು ಮಾಡಿದಳು, ಸ್ಟೇಷನ್ ಮುಂದೆಯೇ ನಿಂತು.

“ಅಕ್ಕ, ಇಲ್ಲಿ ಸಾಹೇಬ್ರು ಅಪ್ಪ ಇಲ್ಲ ಅಂತಿದಾರೆ. ಇನ್ನೊಂದ್ಸಲ ನೋಡಿ ಹೇಳಿ ಅಕ್ಕ. ಸ್ಪೀಕರಿಗೆ ಹಾಕಿದೀನಿ, ಅವರೂ ಕೇಳಲಿ.”

ನನ್ನ ಗಂಟಲು ಮೊದಲೇ ದೊಡ್ಡದು. ಸ್ಪೀಕರ್ ಅಂದರೆ ಇನ್ನೊಂದಿಷ್ಟು ಏರಿತು. “ನಿಮ್ಮಪ್ಪ ಅಲ್ಲಿ ಇಲ್ಲ ಕಣಮ್ಮ! ಎರಡು ಸಲ ನೋಡಿದೀನಿ. ಯಂತ್ರ ಸುಳ್ಳು ಹೇಳಲ್ಲ. ಆಸ್ಪತ್ರೆ ಕಡೆ ಹೋಗಿ ನೋಡು.”

ಆ ಕಡೆಯಿಂದ ಇನ್ಸ್‌ಪೆಕ್ಟರ್ ಸಾಹೇಬರು ನಗೋದು ಕೇಳಿಸಿತು. “ಕೇಳಿಸ್ತೇನಮ್ಮ? ಜಯಶೀಲಮ್ಮನವರೇ ಹೇಳಿದ ಮೇಲೆ ಮುಗೀತು.”

ಆ ಮಾತಿಗೆ ನಾನು ಉಬ್ಬಿದೆ. ಹೌದು, ಉಬ್ಬಿದೆ. ಇನ್ಸ್‌ಪೆಕ್ಟರೇ ನನ್ನ ಮಾತನ್ನ ಸಾಕ್ಷಿಗೆ ತಗೊಂಡರಲ್ಲ ಅಂತ ಒಳಗೊಳಗೇ ಬೀಗಿಕೊಂಡು, ಒಂದು ಗಂಟೆಗೆ ಕಟ್ಟೆಗೆ ಬೀಗ ಹಾಕಿ ಊಟಕ್ಕೆ ಮನೆಗೆ ಹೋದೆ.

ನಮ್ಮ ಮನೆ ಕಚೇರಿಯ ಹಿಂದಿನ ಬೀದಿ. ನಮ್ಮೆಜಮಾನ್ರು ಬಸ್ ಡ್ರೈವರಾಗಿದ್ದವರು, ಈಗ ನಿವೃತ್ತಿ. ಅಡಿಗೆ ಅವರದೇ. ಅತ್ತೆ ಸಣ್ಣತಾಯಮ್ಮನಿಗೆ ಎಂಬತ್ತನಾಲ್ಕು, ಹಗಲೆಲ್ಲಾ ತಲೆಬಾಗಿಲ ಪಕ್ಕ ಚಾಪೆ ಹಾಕಿಕೊಂಡು ಕೂತಿರ್ತಾರೆ. ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಅರಿಶಿನ ಬಳಿದು, ರಂಗೋಲಿ ಎಳೆ ಎಳೆಯೋದು ಇವತ್ತಿಗೂ ಅವರೇ. ಬಗ್ಗೋಕೆ ಆಗಲ್ಲ, ಕೂತೇ ಎಳೀತಾರೆ.

ಎಜಮಾನ್ರು ಮುದ್ದೆ, ಸೊಪ್ಪಿನ ಸಾರು ಬಡಿಸಿದ್ದರು. ಒಂದು ತುತ್ತು ಮುರಿದಿದ್ದೆ ಅಷ್ಟೇ, ಗ್ಯಾಸಿನವನು ಬಂದ. ಸಿಲಿಂಡರನ್ನ ಹೆಗಲಿಂದ ಇಳಿಸೋ ಭರದಲ್ಲಿ ಎರಡೂ ಕಾಲು ಹೊಸ್ತಿಲ ಮೇಲೇ ಊರಿ ನಿಂತ.

“ಏ ಪುಣ್ಯಾತ್ಮ! ಇಳಿಯೋ ಕೆಳಕ್ಕೆ!” ಅತ್ತೆ ಕೂಗಿದರು. “ಹೊಸ್ತಿಲ ಮೇಲೆ ನಿಂತ್ಕೊಂಡ್ಯಲ್ಲೋ, ಲಕ್ಷ್ಮಿ ಇರೋ ಜಾಗ!”

“ಕಾಣಲಿಲ್ಲ ಅಜ್ಜಿ, ಭಾರ ಇತ್ತು.”

“ಭಾರ ಇದ್ರೆ ಮೆಟ್ಟಬೇಕಾ? ಆ ಟೈಲರ್ ಕರಿಬಸಯ್ಯನ್ನ ನೋಡಿ ಕಲೀರೋ. ಹೋದ ವಾರ ರವಿಕೆ ಅಳತೆಗೆ ಬಂದಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ಕೊಂಡು, ಕಾಲೆತ್ತಿ ದಾಟಿ ಬಂದ ಮಹಾರಾಯ. ಯಾರ ಮನೆಗೆ ಹೋದ್ರೂ ಹಂಗೇ ಅವನು. ಆ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ!”

ನನ್ನ ಕೈಯಲ್ಲಿನ ತುತ್ತು ಬಾಯಿಗೆ ಹೋಗಲಿಲ್ಲ.

ತಟ್ಟೆ ಬಿಟ್ಟು ಎದ್ದೆ. ಬಾಗಿಲ ಹತ್ತಿರ ಹೋಗಿ ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋಗಿ ಬಂದೆ. ಕಾಲನ್ನೇ ನೋಡಿಕೊಂಡು. ನಾಲ್ಕು ಸಲದಲ್ಲಿ ಒಂದು ಸಲವೂ ನನ್ನ ಪಾದ ಹೊಸ್ತಿಲಿಗೆ ತಾಗಲಿಲ್ಲ. ಮೆಟ್ಟಬಾರದು ಅಂತ ನಾನೇನೂ ನೆನಪಿಸಿಕೊಂಡಿರಲಿಲ್ಲ. ಕಾಲು ತಾನೇ ಎತ್ತಿ ದಾಟಿತು. ಐವತ್ತಾರು ವರ್ಷದಿಂದ ಹಾಗೇ ದಾಟ್ತಿದೆ.

“ಏನೇ ಆಯ್ತು ನಿಂಗೆ? ಊಟದ ಮಧ್ಯ ಎದ್ದು ಇದೇನು ಕುಣಿತ?” ಅಂದರು ಅತ್ತೆ.

“ಅತ್ತೆ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು,” ಅಂದೆ. ಎಂಜಲು ಕೈಯನ್ನ ನೀರಿಗೆ ಅದ್ದಿ ಕಟ್ಟೆಗೆ ಓಡಿದೆ. ಹಿಂದಿನಿಂದ ಎಜಮಾನ್ರು ಸಾರು ಆರುತ್ತೆ ಅಂತ ಏನೋ ಕೂಗ್ತಿದ್ದರು.

ನಿಮಗೆ ಆ ಸ್ಟೇಷನ್ನಿನ ಕಟ್ಟಡದ ವಿಷಯ ಹೇಳಬೇಕು. ನಮ್ಮ ಜಿಲ್ಲೆಯ ಬೇರೆ ಸ್ಟೇಷನ್‌ಗಳೆಲ್ಲಾ ಈಚಿನವು. ನೆಲಕ್ಕೆ ಟೈಲ್ಸು, ಬಾಗಿಲಿಗೆ ಹೊಸ್ತಿಲೇ ಇಲ್ಲ, ಪಟ್ಟಿಯನ್ನ ನೆಲದ ಸಮಕ್ಕೆ ಕೂರಿಸಿದ್ದಾರೆ. ನಮ್ಮದು ಪಾಳೇಗಾರರ ಕಾಲದ ಕಣಜ. ಗೋಡೆ ಒಂದು ಗಜ ದಪ್ಪ. ಲಾಕಪ್ಪಿಗೆ ಕಲ್ಲಿನ ಹೊಸ್ತಿಲು, ಒಂದು ಗೇಣೆತ್ತರ. ಪಟ್ಟಿ ಹಾಕೋಕೆ ಬಂದವರು ಕೈಪಿಡಿಯಲ್ಲಿ ‘ಹೊಸ್ತಿಲಿನಲ್ಲಿ ಅಳವಡಿಸಿ’ ಅಂತ ಇದೆಯಲ್ಲ ಅಂತ, ಆ ಕಲ್ಲಿನ ನೆತ್ತಿಯ ಮೇಲೆ ಗೀರು ಕೊರೆದು ಅದರಲ್ಲಿ ಕೂರಿಸಿದರು. ಪರೀಕ್ಷೆಯ ದಿನ ನಾನೂ ಅಲ್ಲಿದ್ದೆ. ಎಂಜಿನಿಯರುಗಳು ಬೂಟುಗಾಲಿನಲ್ಲಿ ಕಲ್ಲಿನ ಮೇಲೆ ಹತ್ತಿ ಇಳಿದರು, ಹಸಿರು ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಫಿ ತರಿಸಿಕೊಟ್ಟವಳು ನಾನೇ.

ಕುಡುಕರು ಆ ಕಲ್ಲನ್ನ ಎಡವಿ ಮೆಟ್ಟುತ್ತಾರೆ. ನೂಕಿಸಿಕೊಂಡವರು ಮೆಟ್ಟುತ್ತಾರೆ. ಸುಮ್ಮನೆ ನಡೆದು ಹೋಗು ಅಂದರೆ ನಮ್ಮೂರಿನವರು ಯಾರು ಮೆಟ್ಟುತ್ತಾರೆ? ಪೊಲೀಸಿನವರೂ ಮೆಟ್ಟಲ್ಲ.

ಕಟ್ಟೆಯಿಂದ ಜಿಲ್ಲೆಯ ನಿಯಂತ್ರಣ ಕೊಠಡಿಗೆ ನೇರ ಸಂಪರ್ಕ ಇದೆ. ಪರದೆಯ ಮೇಲೆ ಇಂದುಧರ್ ಸಾರ್ ಬಂದರು. ಪಟ್ಟಿಯ ವಿದ್ಯೆಯನ್ನ ರೂಪಿಸಿದ ತಂಡದವರು ಅವರು, ನಮ್ಮ ಜಿಲ್ಲೆಯ ಉಸ್ತುವಾರಿ ಅವರದೇ. ಹಿಂದೆ ಗೋಡೆಯ ತುಂಬಾ ಜಿಲ್ಲೆಯ ನಕ್ಷೆ, ಒಂದೊಂದು ಲಾಕಪ್ಪಿಗೂ ಒಂದು ದೀಪ. ಹೊಂಗೆಕೆರೆಯ ದೀಪ ಆರಿತ್ತು.

“ಸಾರ್, ನಿಮ್ಮ ಮನೆಗೆ ಹೊಸ್ತಿಲಿದೆಯಾ?”

“ಒಂಬತ್ತನೇ ಮಹಡಿ ಫ್ಲಾಟು ಜಯಶೀಲಮ್ಮ. ಎಲ್ಲಾ ಸಮತಟ್ಟು. ಯಾಕೆ?”

“ಅದಕ್ಕೇ ನಿಮಗೆ ಹೊಳೀಲಿಲ್ಲ. ನನ್ನ ಮನೆಗಿದೆ, ನನಗೂ ಹೊಳೀಲಿಲ್ಲ, ನಾನು ನಿಮಗಿಂತ ದಡ್ಡಿ.” ವಿಷಯ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಬಗ್ಗಿ ಕೀಲಿಮಣೆ ಕುಟ್ಟೋಕೆ ಶುರು ಮಾಡಿದರು.

“ಇವತ್ತು ಬೆಳಿಗ್ಗೆ ಎಂಟು ಹದಿನಾಲ್ಕಕ್ಕೆ ಚಿಲಕ ಬಿದ್ದಿದೆ,” ಅಂದರು. “ಹೆಜ್ಜೆ ಇಲ್ಲ.”

“ಹೆಜ್ಜೆ ಇಲ್ಲದೆ ಚಿಲಕ ಬಿದ್ದರೆ ಯಂತ್ರ ಏನಂತ ತಿಳ್ಕೊಳ್ಳುತ್ತೆ?”

“ಖಾಲಿ ಕೋಣೆ ತೊಳೆದು ಬಾಗಿಲು ಹಾಕಿದ್ದಾರೆ ಅಂತ. ‘ಸ್ವಚ್ಛತೆ’ ಅಂತ ಬರ್ಕೊಂಡು ಸುಮ್ಮನಾಗುತ್ತೆ. ನಾವೇ ಹಾಗೆ ಹೇಳಿಕೊಟ್ಟಿದ್ದು.” ಅವರು ಇನ್ನೊಂದು ಪುಟ ತೆರೆದರು. “ಬೆಳಿಗ್ಗೆ ಹತ್ತಕ್ಕೆ ಒಂದು ಸಲ ಚಿಲಕ ತೆಗೆದು ಹಾಕಿದ್ದಾರೆ, ಹನ್ನೆರಡಕ್ಕೆ ಇನ್ನೊಂದು ಸಲ.”

“ಖಾಲಿ ಕೋಣೆಗೆ ನೀರು ಕೊಟ್ಟರಾ ಸಾರ್?”

ಅವರು ಆ ಪುಟವನ್ನ ಇನ್ನೊಮ್ಮೆ ಮೇಲಿಂದ ಓದಿದರು.

“ಎರಡು ವರ್ಷದಲ್ಲಿ ಇಂಥ ದಿನಗಳು ಎಷ್ಟಿವೆ ನೋಡಿ,” ಅಂದೆ.

ನೋಡಿದರು. “ಬೇರೆ ಸ್ಟೇಷನ್‌ಗಳಲ್ಲಿ ನಾಲ್ಕು, ಐದು. ಹೊಂಗೆಕೆರೆಯಲ್ಲಿ ಅರವತ್ತೊಂದು.”

“ಅಷ್ಟು ಚೊಕ್ಕಟವಾದ ಲಾಕಪ್ಪು ರಾಜ್ಯದಲ್ಲೇ ಇನ್ನೊಂದಿಲ್ಲ ಬಿಡಿ,” ಅಂದೆ. ತಮಾಷೆಗೆ ಅಂದಿದ್ದು. ತಲೆಯ ಹಿಂದೆ ಆ ಹಿತ್ತಾಳೆ ಫಲಕ ತೂಗ್ತಿತ್ತು. ತಿರುಗಿ ನೋಡೋ ಧೈರ್ಯ ಬರಲಿಲ್ಲ ನನಗೆ.

ಇಂದುಧರ್ ಸಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇವತ್ತೇ ವರದಿ ಕಳಿಸ್ತೀನಿ. ತಾಂತ್ರಿಕ ಸಮಿತಿ ಸೇರಬೇಕು. ಮುಂದಿನ ವಾರ…”

“ಆ ಮನುಷ್ಯನಿಗೆ ಇನ್ಸುಲಿನ್ ಬೇಕು ಸಾರ್. ಬೆಳಿಗ್ಗೆಯದೇ ಇನ್ನೂ ಬಿದ್ದಿಲ್ಲ. ಸಂಜೆ ಮೇಲೆ ನಿಮ್ಮ ಸಮಿತಿ ಬಂದು ಏನು ಮಾಡುತ್ತೆ, ಹೆಗಲು ಕೊಡುತ್ತಾ?”

“ಕೈಯಾರೆ ದಾಖಲೆ ತೆರೆಯೋ ಅಧಿಕಾರ ನನಗಿದೆ,” ಅಂದರು ನಿಧಾನಕ್ಕೆ. “ಇದುವರೆಗೆ ಯಾರೂ ತೆರೆದಿಲ್ಲ. ತೆರೆದ ಮೇಲೆ ಒಳಗೆ ಯಾರೂ ಇಲ್ಲ ಅಂತಾದರೆ ಸುಳ್ಳು ದಾಖಲೆ ಸೃಷ್ಟಿಸಿದ ಕೇಸು ನನ್ನ ಮೇಲೇ ಬೀಳುತ್ತೆ.”

“ಒಳಗೆ ಕರಿಬಸವಯ್ಯ ಇದಾರೆ.”

“ಹೇಗೆ ಹೇಳ್ತೀರಿ?”

“ಹೆಜ್ಜೆ ಬಿದ್ದಿಲ್ಲವಲ್ಲ, ಅದಕ್ಕೇ. ಬೇರೆ ಯಾರಾದರೂ ಆಗಿದ್ದರೆ ಒಂದು ವೇಳೆ ಬೀಳ್ತಿತ್ತೇನೋ.”

ಅವರು ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಲಗೈಯಿಂದ ಒಂದು ಕೀಲಿ ಒತ್ತಿದರು. ಅವರ ಹಿಂದಿನ ನಕ್ಷೆಯಲ್ಲಿ ಹೊಂಗೆಕೆರೆಯ ದೀಪ ಕೆಂಪಗೆ ಹತ್ತಿತು.

“ಹೋಗಿ ಜಯಶೀಲಮ್ಮ,” ಅಂದರು. “ಫೋನಿನಲ್ಲಿ ನಾನೂ ಜೊತೆಗಿರ್ತೀನಿ.”

ನೇತ್ರಾವತಿಗೆ ಫೋನು ಮಾಡಿದೆ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡು ವಾರ್ಡು ಹುಡುಕುತ್ತಿದ್ದಳು, ನನ್ನ ಮಾತು ಕೇಳಿಕೊಂಡು. “ಸ್ಟೇಷನ್ನಿಗೆ ಬಾ. ಅಲ್ಲಿರೋ ಡಾಕ್ಟ್ರನ್ನೂ ಕರ್ಕೊಂಡು ಬಾ,” ಅಂದೆ. ಯಾಕೆ ಅಂತ ಕೇಳಲೇ ಇಲ್ಲ ಅವಳು.

ನಾನು ಹೋಗೋ ಹೊತ್ತಿಗೆ ಎರಡೂಕಾಲು. ಸ್ಟೇಷನ್ ಮುಂದಿನ ಬೋರ್ಡು ಮಿಣುಕುತ್ತಿತ್ತು, ‘ಹೊಂಗೆಕೆರೆ. ಒಬ್ಬ ವ್ಯಕ್ತಿ ಒಳಗಿದ್ದಾರೆ. ಬೆಳಿಗ್ಗೆ 8.14ರಿಂದ. ಹೆಸರು ನಮೂದಾಗಿಲ್ಲ.’ ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲೂ ಅದೇ. ಬಸ್ಸಿಗೆ ಕಾಯ್ತಿದ್ದವರೆಲ್ಲಾ ಎದ್ದು ಬಂದಿದ್ದರು. ಹೂವಿನ ಗೌರಕ್ಕ ಬುಟ್ಟಿಯ ಸಮೇತ ಮುಂದಿನ ಸಾಲಿನಲ್ಲೇ ನಿಂತಿದ್ದಳು. “ನಾನು ಹೇಳಿದ್ನಲ್ಲ, ಕಣ್ಣಾರೆ ನೋಡಿದ್ದೀನಿ ಅಂತ ಹೇಳಿದ್ನಲ್ಲ,” ಅಂತ ಸಿಕ್ಕಿದವರಿಗೆಲ್ಲಾ ಹೇಳ್ತಿದ್ದಳು.

ಇನ್ಸ್‌ಪೆಕ್ಟರ್ ಸಾಹೇಬರು ಮೆಟ್ಟಿಲ ಮೇಲೆ ನಿಂತಿದ್ದರು. ಮೈಮೇಲೆ ಕರಿಬಸವಯ್ಯನವರೇ ಹೊಲಿದ ಖಾಕಿ.

“ಏನ್ರೀ ಜಯಶೀಲಮ್ಮ ಇದು? ಬೆಳಿಗ್ಗೆ ಇಲ್ಲ ಅಂದವರು ನೀವೇ ತಾನೇ?”

“ಬೆಳಿಗ್ಗೆ ನನಗೆ ಬುದ್ಧಿ ಇರಲಿಲ್ಲ ಸಾರ್. ಈಗ ಬಂದಿದೆ. ದಾಖಲೆ ತೆರೆದು ಹತ್ತು ನಿಮಿಷ ಆಯ್ತು. ಕಾಯ್ದೆ ಪ್ರಕಾರ ತೆರೆದ ಕಾಲು ಗಂಟೆಯೊಳಗೆ ಮನೆಯವರಿಗೆ ಮುಖ ತೋರಿಸಬೇಕು, ಔಷಧ ಇದ್ದರೆ ಕೊಡಿಸಬೇಕು. ಇನ್ನು ಐದು ನಿಮಿಷ ಇದೆ.”

“ಯಂತ್ರ ಕೆಟ್ಟಿದೆ.”

“ಕೆಟ್ಟಿದ್ದರೆ ಬಾಗಿಲು ತೆಗೆದು ಖಾಲಿ ಕೋಣೆ ತೋರಿಸಿಬಿಡಿ. ಇಷ್ಟು ಜನ ಸಾಕ್ಷಿ ಇದ್ದೀವಿ. ಫೋನಿನಲ್ಲಿ ಇಂದುಧರ್ ಸಾರ್ ಇದ್ದಾರೆ, ಅವರ ಕೆಲಸ ಹೋಗುತ್ತೆ, ನನ್ನದೂ ಹೋಗುತ್ತೆ. ನಿಮಗೆ ಒಳ್ಳೇದೇ ಅಲ್ವಾ?”

ಸಾಹೇಬರು ಜನರನ್ನ ನೋಡಿದರು, ಬೋರ್ಡು ನೋಡಿದರು. ಅಷ್ಟರಲ್ಲಿ ಆಟೋ ಬಂತು. ನೇತ್ರಾವತಿ, ಅವಳ ಹಿಂದೆ ಡಾಕ್ಟರು ಇಳಿದರು. ಸಾಹೇಬರು ಹೆಡ್ ಕಾನ್‌ಸ್ಟೇಬಲ್ ಕಡೆ ತಲೆ ಅಲ್ಲಾಡಿಸಿದರು.

ಚಿಲಕ ತೆಗೆದರು. ಕರಿಬಸವಯ್ಯನವರು ಗೋಡೆಗೆ ಒರಗಿ ಕೂತಿದ್ದರು. ತುಟಿ ಬಿಳಿಚಿಕೊಂಡು ಒಡೆದಿತ್ತು, ಉಸಿರು ಜೋರಾಗಿ ಎಳೀತಿದ್ದರು. ಪಕ್ಕದಲ್ಲಿ ನೀರಿನ ಚೊಂಬು ಖಾಲಿಯಾಗಿ ಉರುಳಿತ್ತು. ನೇತ್ರಾವತಿ “ಅಪ್ಪಾ” ಅಂದಳು. ಫ್ಲಾಸ್ಕಿನ ಮುಚ್ಚಳ ನಾನು ಬಿಚ್ಚಿಕೊಟ್ಟೆ. ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿದರು, ಔಷಧದ ಅಳತೆ ಹೇಳಿದರು, ಅವಳೇ ಚುಚ್ಚಿದಳು. “ಆಸ್ಪತ್ರೆಗೆ ಹಾಕೋಣ, ಡ್ರಿಪ್ ಬೇಕು. ಸರಿಹೊತ್ತಿಗೆ ಬಂದಿದ್ದೀರಿ,” ಅಂದರು ಡಾಕ್ಟರು.

ಸಾಹೇಬರು ಮೇಜಿನ ಮುಂದೆ ಕೂತು ಹೆಸರು ತುಂಬಲೇಬೇಕಾಯಿತು. ಚಪ್ಪಡಿಯ ಮೇಲೆ ಕೂತಿದ್ದು ಅಷ್ಟು ದೊಡ್ಡ ಅಪರಾಧ ಅಲ್ಲವಲ್ಲ, ಸ್ಟೇಷನ್ನಿನಲ್ಲೇ ಜಾಮೀನು. “ನಿಮಗೆ ಗೊತ್ತಿತ್ತು ಅಲ್ವಾ ಸಾರ್, ಆ ಕಲ್ಲಿನ ವಿಷಯ?” ಅಂತ ಮೆಲ್ಲಗೆ ಕೇಳಿದೆ. “ಯಂತ್ರ ಕೂಗಲಿಲ್ಲ, ನಾನು ಬರೆಯಲಿಲ್ಲ,” ಅಂದರು ಅವರು, ತಲೆ ಎತ್ತದೆ.

ಇಬ್ಬರು ಕಾನ್‌ಸ್ಟೇಬಲ್ಲುಗಳು ರಟ್ಟೆ ಹಿಡಿದು ಕರಿಬಸವಯ್ಯನವರನ್ನ ನಡೆಸಿಕೊಂಡು ಬಂದರು. ನಿಲ್ಲೋಕೂ ತ್ರಾಣ ಇರದ ಆ ಮನುಷ್ಯ, ಬಾಗಿಲಿಗೆ ಬಂದವರು, ಆ ಗೇಣೆತ್ತರದ ಕಲ್ಲಿನ ಮುಂದೆ ನಿಂತರು. ಬಲಗಾಲು ಎತ್ತಿದರು. ದಾಟಿದರು. ಎಡಗಾಲನ್ನ ಕೈಯಿಂದ ಪಂಚೆ ಹಿಡಿದು ಎತ್ತಿ ದಾಟಿಸಿದರು. ಪಟ್ಟಿಯ ದೀಪ ಹತ್ತಲಿಲ್ಲ.

“ಅಯ್ಯೋ, ಒಂದೇ ಒಂದು ಸಲ ಮೆಟ್ಟಿ ಕರಿಬಸವಯ್ಯನೋರೇ,” ಅಂದೆ. “ಇಲ್ಲದಿದ್ದರೆ ಯಂತ್ರದ ಪ್ರಕಾರ ನೀವಿನ್ನೂ ಒಳಗೇ ಇರ್ತೀರಿ.”

ಅವರು ನನ್ನ ಕಡೆ ತಿರುಗಿದರು. ದನಿ ಕ್ಷೀಣವಾಗಿತ್ತು. “ಹೊಸ್ತಿಲು ಅಂದ್ರೆ ಹೊಸ್ತಿಲು ಕಣಮ್ಮ, ಯಾರ ಮನೇದಾದ್ರೇನು. ಯಂತ್ರಾನ ನೀವು ಸರಿ ಮಾಡ್ಕಳಿ.”

ನನ್ನ ಕೈಯಲ್ಲಿದ್ದ ಫೋನಿನಿಂದ ಇಂದುಧರ್ ಸಾರ್, “ಮಾಡ್ತೀನಿ ಅಂತ ಹೇಳಿ ಅವರಿಗೆ,” ಅಂದರು. ಕರಿಬಸವಯ್ಯನವರು ಹೊರಬಂದ ದಾಖಲೆಯನ್ನೂ ಅವತ್ತು ಕೈಯಾರೆ ಬರೆದದ್ದು ಇಂದುಧರ್ ಸಾರೇ.

ಆ ವಾರವೇ ಪಟ್ಟಿಯನ್ನ ಕಲ್ಲಿನಿಂದ ಕಿತ್ತು ಒಳಗಡೆ ನೆಲಕ್ಕೆ, ದಾಟಿದ ಕಾಲು ಊರುವ ಜಾಗಕ್ಕೆ ಹಾಕಿದರು. ಅಳತೆ ತೆಗೆಯೋಕೆ ಇಂದುಧರ್ ಸಾರ್ ಖುದ್ದು ಬಂದಿದ್ದರು. ನಮ್ಮ ಮನೆಗೂ ಬಂದು, ನಮ್ಮತ್ತೆ ಹೇಗೆ ದಾಟುತ್ತಾರೆ ಅಂತ ಹತ್ತು ಸಲ ದಾಟಿಸಿ ನೋಡಿದರು. ಹತ್ತನೇ ಸಲಕ್ಕೆ ಅತ್ತೆ, “ನಿಮ್ಮ ತಾಯಿ ನಿಮಗೆ ಇದನ್ನೂ ಹೇಳಿಕೊಡಲಿಲ್ವೇನಪ್ಪ?” ಅಂತ ಕೇಳಿಯೇಬಿಟ್ಟರು. ರಾಜ್ಯದಲ್ಲಿ ಇಂಥ ಹಳೇ ಕಟ್ಟಡ ಇನ್ನೂ ಏಳು ಸಿಕ್ಕಿದವಂತೆ. ಸಾಹೇಬರನ್ನ ಬೇರೆ ಕಡೆ ಕಳಿಸಿದರು, ವಿಚಾರಣೆ ನಡೀತಿದೆ.

ಹಿತ್ತಾಳೆ ಫಲಕವನ್ನ ನಾನೇ ಇಳಿಸಿ ಟಪಾಲಿನಲ್ಲಿ ಜಿಲ್ಲೆಗೆ ವಾಪಸು ಕಳಿಸಿದೆ. ಆ ಮೊಳೆಗೆ ಈಗ ಒಂದು ರಿಜಿಸ್ಟರು ತೂಗುಹಾಕಿದ್ದೀನಿ, ದಾರ ಕಟ್ಟಿ. ಅದರಲ್ಲಿ ಅರವತ್ತೊಂದು ತಾರೀಖುಗಳಿವೆ. ಎದುರಿಗೆ ಹೆಸರಿನ ಜಾಗ. ಯಾರು ಬೇಕಾದರೂ ಬಂದು ನೋಡಬಹುದು, 'ಆ ದಿನ ಒಳಗಿದ್ದದ್ದು ನಾನು' ಅಂತ ಹೇಳಬಹುದು. ಅಂಗಡಿ ಅಂಗಡಿಗೂ ಹೋಗಿ ವಿಷಯ ತಿಳಿಸಿ ಬಂದೆ. ಇದುವರೆಗೆ ಮೂವತ್ತೆಂಟು ಹೆಸರು ಸಿಕ್ಕಿವೆ. ಬಂದವರಲ್ಲಿ ಕೆಲವರು ನನ್ನ ಮುಖ ನೋಡದೆ ಹೆಸರು ಹೇಳಿ ಹೋದರು.

ಮೂರು ವಾರದ ಮೇಲೆ ಕರಿಬಸವಯ್ಯನವರು ಅತ್ತೆಯ ರವಿಕೆ ಹೊಲಿದುಕೊಂಡು ಮನೆಗೆ ಬಂದರು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು, ದಾಟಿದರು. ಸಕ್ಕರೆ ಇಲ್ಲದ ಕಾಫಿ ಕೊಟ್ಟೆ. ಕ್ಷಮೆ ಕೇಳಬೇಕು ಅಂತ ಅಷ್ಟು ದಿನದಿಂದ ಇದ್ದೆ, ಮಾತೇ ಹೊರಡುತ್ತಿರಲಿಲ್ಲ. ಬೇರೆ ದಾರಿ ಕಾಣದೆ, “ಒಳಗಿಂದ ಕೂಗಲಿಲ್ವಾ ನೀವು?” ಅಂತ ಕೇಳಿದೆ.

“ಕೂಗಿದೆ ಕಣಮ್ಮ. ಅಷ್ಟು ದಪ್ಪ ಗೋಡೆ, ನನ್ನ ದನಿ ಎಲ್ಲಿ ಹೊರಗೆ ಹೋಗುತ್ತೆ. ಬೀದಿ ಕಡೆ ಮೇಲ್ಗಡೆ ಒಂದು ಗವಾಕ್ಷಿ ಇತ್ತು. ಹೊರಗಿನ ದನಿ ಅದರಿಂದ ಬರ್ತಿತ್ತು.” ಲೋಟ ಕೆಳಗಿಟ್ಟರು. “ಮಗಳ ದನಿ ಕೇಳಿಸ್ತು. ಆಮೇಲೆ ಫೋನಿನಲ್ಲಿ ನಿಮ್ಮ ದನಿ. ‘ನಿಮ್ಮಪ್ಪ ಅಲ್ಲಿ ಇಲ್ಲ ಕಣಮ್ಮ, ಯಂತ್ರ ಸುಳ್ಳು ಹೇಳಲ್ಲ’ ಅಂದ್ರಿ.”

ನಾನು ಖಾಲಿ ಲೋಟ ಎತ್ತಿಕೊಂಡೆ.

“ತಪ್ಪು ತಿಳ್ಕೋಬೇಡಿ. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ, ಅದರ ಮೇಲೆ ತಲೆ ಬೇರೆ ತಿರುಗ್ತಿತ್ತು. ನಾನು ನಿಜವಾಗ್ಲೂ ಇಲ್ಲಿದೀನಾ ಅಂತ ಒಂದು ಗಳಿಗೆ ನನಗೇ ಅನುಮಾನ ಬಂತು. ಗೋಡೆ ಮುಟ್ಟಿ ಮುಟ್ಟಿ ನೋಡ್ಕೊಂಡೆ.”

ಅಷ್ಟು ಹೇಳಿ, ಅತ್ತೆಗೆ ರವಿಕೆ ತೋಳು ಬಿಗಿಯಾದರೆ ಹೇಳಿಕಳಿಸಿ ಅಂತ ಎದ್ದು ಹೋದರು.

ಯಂತ್ರ ಈಗ ಚೆನ್ನಾಗಿದೆ. ನನಗೆ ಅದರ ಮೇಲೆ ನಂಬಿಕೆ ಇದೆ, ಮೊದಲಿಗಿಂತ ಜಾಸ್ತಿಯೇ ಇದೆ. ಎಲ್ಲಿ ಎಡವುತ್ತೆ ಅಂತ ಗೊತ್ತಾಯ್ತಲ್ಲ. ನಿನ್ನೆ ಸಂತೆಗೆ ಬಂದ ಒಬ್ಬ ಹೆಂಗಸು ಕಟ್ಟೆಗೆ ಬಂದು ತನ್ನ ತಮ್ಮ ಎಲ್ಲಿದಾನೆ ಅಂತ ಕೇಳಿದಳು. ಪರದೆ ನೋಡಿದೆ, ಎಲ್ಲೂ ಇಲ್ಲ. ಬಾಯಿಗೆ ಬಂದ ಹಳೇ ಮಾತನ್ನ ನುಂಗಿಕೊಂಡು ಚಪ್ಪಲಿ ಮೆಟ್ಟಿದೆ, ಕಟ್ಟೆಗೆ ಬೀಗ ಹಾಕಿದೆ.

“ಯಂತ್ರಕ್ಕೆ ಕಾಣ್ತಿಲ್ಲ ಕಣಮ್ಮ,” ಅಂದೆ. “ನಡಿ, ಹೋಗಿ ನೋಡೋಣ.”